ಯಾಸುಕೆ ಗಲಾಟೆಯಲ್ಲಿ ಕಳೆದುಹೋದ ಆಟ

2025ರ ಮಾರ್ಚ್ 19ರಂದು ಜಪಾನ್ ಸಂಸತ್ತಿನಲ್ಲಿ ಒಂದು ವಿಡಿಯೋ ಗೇಮ್ ಬಗ್ಗೆ ಪ್ರಶ್ನೆ ಎದ್ದಿತು. ಯೂಬಿಸಾಫ್ಟ್‌ನ ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’ನಲ್ಲಿ ಶಿಂಟೋ ದೇಗುಲದೊಳಗಿನ ವಸ್ತುಗಳನ್ನು ಪುಡಿಗಟ್ಟಬಹುದು ಅಂತ ದೂರು. ಪ್ರಧಾನಿ ಇಶಿಬಾ ಅವರೇ ಉತ್ತರಿಸಬೇಕಾಯಿತು. ಮರುದಿನ ಗೇಮ್ ಬಿಡುಗಡೆ. ಜೊತೆಗೇ ಬಂದ ಅಪ್‌ಡೇಟ್‌ನಲ್ಲಿ ದೇಗುಲದ ಮೇಜು, ಕಪಾಟುಗಳು ಒಡೆಯದಂತಾದವು.

ಈ ತಕರಾರು ನ್ಯಾಯವಾದದ್ದೇ. ಹಿಮೇಜಿಯಲ್ಲಿ ಇವತ್ತಿಗೂ ಇರೋ ದೇಗುಲ ಅದು. ಆದರೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ನಡೆದ ಜಗಳ ಬೇರೆ: ಕಪ್ಪು ವರ್ಣದ ಸಮುರಾಯ್ ಯಾಕೆ? ಯಾಸುಕೆ ಕಟ್ಟುಕತೆಯಲ್ಲ. 1579ರಲ್ಲಿ ಜೆಸ್ಯೂಟ್ ಪಾದ್ರಿ ವಲಿನ್ಯಾನೋ ಜೊತೆ ಜಪಾನಿಗೆ ಬಂದು, ಆಮೇಲೆ ಓಡಾ ನೊಬುನಾಗನ ಸೇವೆಗೆ ಸೇರಿದ ಆಫ್ರಿಕನ್. ಅವನನ್ನು ಸಮುರಾಯ್ ಅನ್ನಬಹುದಾ ಅಂತ ಚರ್ಚೆ ಮಾಡಲಿ, ದಾಖಲೆಗಳು ಕಡಿಮೆಯೇ. ಗದ್ದಲ ಎಬ್ಬಿಸಿದ ಎಷ್ಟೋ ಜನಕ್ಕೆ ದಾಖಲೆ ಬೇಕಿರಲಿಲ್ಲ, ಚರ್ಮದ ಬಣ್ಣವೇ ತೊಂದರೆ.

ಇದರಿಂದ ಲಾಭ ಆದದ್ದು ಕಂಪನಿಗೇ ಅನ್ನೋದು ನನ್ನ ವಾದ. ಬೈದರೆ ಜನಾಂಗದ್ವೇಷಿ, ಹೊಗಳಿದರೆ ‘ವೋಕ್’. ನಡುವೆ 70 ಡಾಲರ್ ಕೊಟ್ಟು ಆಡಿದವರ ಮಾತು ಯಾರಿಗೂ ಕೇಳಿಸಲಿಲ್ಲ. ಇಗಾ ಹುಡುಗಿ ನಾವೊಯೆ ಆಗಿ ದೀಪ ಆರಿಸಿ ಕತ್ತಲಲ್ಲಿ ತೆವಳೋ ಮಜಾನೇ ಬೇರೆ. ಚಳಿಗಾಲ ಬಂದರೆ ಅಡಗಿಕೊಳ್ಳೋ ಕೊಳವೇ ಹೆಪ್ಪುಗಟ್ಟುತ್ತೆ! ಆದರೆ ಇಪ್ಪತ್ತು ಗಂಟೆ ದಾಟಿದ ಮೇಲೆ ಮತ್ತದೇ ಕೋಟೆ, ಅದೇ ಪಟ್ಟಿ: ಹುಡುಕು, ಕೊಲ್ಲು, ಮುಂದಿನವನು. ಇನ್ನು ಯಾಸುಕೆ? ಪೋಸ್ಟರ್ ತುಂಬಾ ಅವನೇ, ಆದರೆ ಆರಂಭದ ತುಣುಕು ಬಿಟ್ಟರೆ ಅವನು ಮತ್ತೆ ನಮ್ಮ ಕೈಗೆ ಸಿಗೋದೇ ಎಷ್ಟೋ ಗಂಟೆಗಳಾದ ಮೇಲೆ. ಸಿಕ್ಕಾಗಲೂ ಪುಣ್ಯಾತ್ಮನಿಗೆ ನೆಟ್ಟಗೆ ಗೋಡೆ ಹತ್ತೋಕೆ ಬರಲ್ಲ.