ಸೂರಿನ ಸಾಲ

ಅಡಿಕೆ ಕೊಯ್ಲು ಮುಗಿದು, ಯುಗಾದಿ ಕಳೆದು, ಮೊದಲ ಗುಡುಗು ಕೇಳುವ ಹೊತ್ತಿಗೆ ಮಲೆನಾಡಿನ ಪ್ರತಿಯೊಂದು ಮನೆಯಲ್ಲಿಯೂ ಕಣ್ಣು ಮೇಲಕ್ಕೆ ಹೋಗುತ್ತದೆ. ಯಾವ ಪಕಾಸು ಬಾಗಿದೆ, ಯಾವ ರೀಪಿಗೆ ಒರಲೆ ಹಿಡಿದಿದೆ, ಮಂಗಗಳು ಹಾರಿ ಒಡೆದ ಹೆಂಚು ಎಷ್ಟು ಎಂಬ ಲೆಕ್ಕ ಆರಂಭವಾಗುತ್ತದೆ. ಬಯಲುಸೀಮೆಯ ಮಿತ್ರರಿಗೆ ಇದು ಸಣ್ಣ ವಿಷಯವೆಂದು ತೋರಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ಜನಕ್ಕೆ ಮಾಡು ಎಂದರೆ ಅನ್ನದ ನಂತರದ ಮಾತಲ್ಲ. ಅನ್ನದ ಜೊತೆಯ ಮಾತು.

ಈ ಸಲ ಜಿಲ್ಲೆಯ ನಾಲ್ಕಾರು ಹಳ್ಳಿಗಳನ್ನು ಸುತ್ತಿದಾಗ ನಾವು ಕೇಳಿದ್ದು ಒಂದೇ ಮಾತು: 'ಮಾಡು ಬಿಚ್ಚಿದರೆ ಮತ್ತೆ ಹೊದಿಸುವ ಶಕ್ತಿಯಿಲ್ಲ, ಬಿಚ್ಚದಿದ್ದರೆ ಮಳೆಗಾಲ ದಾಟುವ ಧೈರ್ಯವಿಲ್ಲ.' ಹೀಗೆ ಹೇಳಿದವರು ನಿರ್ಗತಿಕರಲ್ಲ. ಎರಡು ಎಕರೆ ಗದ್ದೆ, ಅರ್ಧ ಎಕರೆ ತೋಟ ಉಳ್ಳವರು. ಗೇಣಿ ಕಾನೂನಿನಿಂದ ಒಡೆತನ ಪಡೆದವರ ಮಕ್ಕಳು. ಇವರಿಗೇ ಮಾಡು ನಿಲುಕದಷ್ಟು ದುಬಾರಿಯಾಗಿದ್ದರೆ ಅದರ ಕಾರಣವನ್ನು ವಿಚಾರಿಸಬೇಕಾದುದು ನಮ್ಮ ಕರ್ತವ್ಯ.

ಮೊದಲು ಲೆಕ್ಕ ನೋಡೋಣ. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಮನೆಯೆಂದರೆ ನೆಲ ಆರುನೂರು ಚದರ ಅಡಿ. ಮಾಡು ಆರುನೂರಕ್ಕೆ ನಿಲ್ಲುವುದಿಲ್ಲ. ಮಣ್ಣಿನ ಗೋಡೆಗೆ ಇರಚಲು ತಾಗದಿರಲು ಸುತ್ತಲೂ ಮೂರಡಿ ಸೂರು ಬಿಡಬೇಕು. ನೀರು ನಿಲ್ಲದೆ ಓಡಲು ಸುಮಾರು ಮೂವತ್ತು ಡಿಗ್ರಿ ಇಳಿಜಾರು ಕೊಡಬೇಕು. ಇವೆರಡನ್ನು ಸೇರಿಸಿದರೆ ಹೊದಿಸಬೇಕಾದ ಮಾಡು ಹತ್ತಿರಹತ್ತಿರ 1,080 ಚದರ ಅಡಿ, ಎಂದರೆ ನೂರು ಚದರ ಮೀಟರು. ಮಂಗಳೂರು ಹೆಂಚು ಚದರ ಮೀಟರಿಗೆ ಹದಿನೈದರಂತೆ ಒಂದೂವರೆ ಸಾವಿರ ಬೇಕು. ಒಂದೊಂದು ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಟ್ಟು ಭಾರ ನಾಲ್ಕು ಟನ್ನಿನ ಸಮೀಪ, ಮಳೆ ಕುಡಿದ ಮೇಲೆ ಇನ್ನೂ ಹೆಚ್ಚು. ಈ ಭಾರವನ್ನು ಹೊರಲು ಎರಡು ಇಳಿಜಾರಿನ ಸಾದಾ ಮಾಡಿಗೇ ಹದಿನೈದು ಅಡಿಯ ಪಕಾಸು ನಲವತ್ತರಷ್ಟು, ರೀಪು ಸಾವಿರ ಅಡಿಗೂ ಮೇಲೆ ಬೇಕು. ನಾಲ್ಕು ಕಡೆ ಇಳಿಸಿದ ಮಾಡಾದರೆ ಮೂಲೆಯ ಪಕಾಸು, ಓರೆಯಾಗಿ ಕತ್ತರಿಸಿದ ಹೆಂಚು, ಹಾಳಾಗುವ ತುಂಡು, ಬಡಗಿಯ ದಿನಗೂಲಿ ಎಲ್ಲವೂ ಏರುತ್ತವೆ.

ಆದ್ದರಿಂದ ಹೆಂಚು ದುಬಾರಿಯಾಯಿತೆಂದು ಗೊಣಗುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಒಳ್ಳೆಯ ಹೆಂಚು ಎರಡು ತಲೆಮಾರು ಬಾಳುತ್ತದೆ. ಮೊದಲು ಸಾಯುವುದು ಅದರ ಕೆಳಗಿನ ಮರ.

ಮರದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮತ್ತಿ, ಹೊನ್ನೆ, ನಂದಿ, ಜಂಬೆ ಹಿತ್ತಿಲ ಬೆಟ್ಟದಲ್ಲಿ ದೊರೆಯುತ್ತಿದ್ದ ಕಾಲದಲ್ಲಿ ಮಾಡಿನ ಮರಕ್ಕೆ ಬೆಲೆ ಎಂಬುದಿರಲಿಲ್ಲ. ಕೊಡಲಿಯ ಶ್ರಮ ಮಾತ್ರ ಇತ್ತು. ಆ ಕಾಲ ಹೋಯಿತು, ಹೋದದ್ದು ಸರಿಯೇ. ಕಾಡನ್ನು ಕಡಿದು ಮನೆ ಕಟ್ಟಿರೆಂದು ನಾವು ಹೇಳುವವರಲ್ಲ. 1963ರ ಅರಣ್ಯ ಕಾಯಿದೆ, 1976ರ ಮರಗಳ ಸಂರಕ್ಷಣೆಯ ಕಾಯಿದೆ ಇವೆರಡೂ ಬೇಕಾದ ಕಾಯಿದೆಗಳೇ. ಆದರೆ ನಡೆಯುತ್ತಿರುವುದೇನು? ತನ್ನ ಹಿಡುವಳಿಯಲ್ಲಿ ತಾನೇ ಬೆಳೆಸಿದ ಮರವನ್ನು ತನ್ನ ಮಾಡಿಗೆಂದು ಕಡಿಯಲು ಹೊರಟ ರೈತ ಅರ್ಜಿ ಬರೆಯಬೇಕು, ಸರ್ವೆ ನಕ್ಷೆ ಹಚ್ಚಬೇಕು, ಸ್ಥಳ ತನಿಖೆಗೆ ಕಾಯಬೇಕು, ಕಡಿದ ಮೇಲೆ ಸಾಮಿಲ್ಲಿಗೆ ಒಯ್ಯಲು ರಹದಾರಿ ಪಡೆಯಬೇಕು. ಫಾಲ್ಗುಣದಲ್ಲಿ ಕೊಟ್ಟ ಅರ್ಜಿಗೆ ಜ್ಯೇಷ್ಠದಲ್ಲಿ ಉತ್ತರ ಬಂದರೆ ಅದು ಉತ್ತರವೇ ಅಲ್ಲ. ಆ ವೇಳೆಗೆ ಮಳೆ ಬಂದಿರುತ್ತದೆ. ಕಾಯಲಾರದವನು ಪೇಟೆಗೆ ಹೋಗಿ ಘನ ಅಡಿಯ ಲೆಕ್ಕದಲ್ಲಿ ಮರ ಕೊಳ್ಳುತ್ತಾನೆ; ಅದರ ಮೇಲೆ ಶೇಕಡ 18ರ ತೆರಿಗೆಯನ್ನೂ ತೆರುತ್ತಾನೆ. ಅದೂ ಆಗದವನು ಅಡಿಕೆ ದಬ್ಬೆಯನ್ನು ರೀಪಿಗೆ, ಹಸಿ ಅಕೇಶಿಯಾವನ್ನು ಪಕಾಸಿಗೆ ಹಾಕುತ್ತಾನೆ. ಹಸಿ ಮರ ಒಣಗುತ್ತ ತಿರುಚುತ್ತದೆ. ಪಕಾಸು ತಿರುಚಿದರೆ ಹೆಂಚಿನ ಸಾಲು ಬಾಯಿ ಬಿಡುತ್ತದೆ. ಬಾಯಿ ಬಿಟ್ಟಲ್ಲಿ ನೀರು ಇಳಿದು ಮರ ಮತ್ತೆ ಕೊಳೆಯುತ್ತದೆ. ಬಡವನು ಅಗ್ಗಕ್ಕೆ ಹೊದಿಸಿದ ಮಾಡು ಕೆಲವೇ ವರ್ಷಗಳಲ್ಲಿ ಮತ್ತೆ ಅವನ ತಲೆಯ ಮೇಲೆ ಬರುತ್ತದೆ. ಉಳ್ಳವನು ಒಂದು ಸಲ ತೆತ್ತು ಮುಗಿಸುವುದನ್ನು ಇಲ್ಲದವನು ಮೂರು ಸಲ ತೆರುತ್ತಾನೆ.

ಹೆಂಚಿಗೂ ತನ್ನದೇ ಚರಿತ್ರೆಯಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹೂಡಿದ ಮೇಲೆ, ನೇತ್ರಾವತಿ ಗುರುಪುರ ನದಿಗಳ ಜೇಡಿಮಣ್ಣಿನ ಹೆಂಚು ಘಟ್ಟ ಹತ್ತಿ ಬಂತು. ಅದಕ್ಕೆ ಮುಂಚೆ ಇಲ್ಲಿ ಸೋಗೆ, ಹುಲ್ಲು, ಅಪರೂಪಕ್ಕೆ ನಾಡಹೆಂಚು. ಸೋಗೆಯ ಮಾಡಿಗೆ ಬೆಂಕಿಯ ಭಯವಿತ್ತು, ವರ್ಷವರ್ಷ ಹೊದಿಸುವ ಕಷ್ಟವಿತ್ತು. ಆದರೆ ಅದಕ್ಕೆ ರೊಕ್ಕ ಬೇಕಿರಲಿಲ್ಲ. ಇಂದು ನಿನ್ನ ಮನೆ, ನಾಳೆ ನನ್ನ ಮನೆ ಎಂದು ಕೇರಿಯೆಲ್ಲ ಮುಯ್ಯಾಳಿನಲ್ಲಿ ಕೂಡಿ ಹೊದಿಸುತ್ತಿದ್ದರು. ಹೆಂಚು ಮಾಡಿನೊಳಗೆ ಮೊಟ್ಟಮೊದಲಿಗೆ ದುಡ್ಡನ್ನು ತಂದಿತು. ಒಡೆಯನ ಮನೆಗೆ ಅದು ಮೊದಲು ಬಂತೆಂದು ಬೇರೆ ಹೇಳಬೇಕಾಗಿಲ್ಲ. ಯಾವ ದಿನ ಎಬ್ಬಿಸುತ್ತಾರೋ ಎಂಬ ಗೇಣಿದಾರನು ಪರರ ನೆಲದ ಮೇಲೆ ಹೆಂಚಿನ ಮಾಡು ಏಕೆ ಹಾಕಿಸಿಯಾನು? 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹಕ್ಕೆ ಇಳಿದವರು, ಅವರಿಗೆ ಬೆಂಬಲವಾಗಿ ಬಂದು ಬಂಧನಕ್ಕೊಳಗಾದ ಡಾ. ಲೋಹಿಯಾ ಅವರು ಎತ್ತಿದ ಪ್ರಶ್ನೆ ಗದ್ದೆಯದು. ಆದರೆ ಗದ್ದೆಯ ಪ್ರಶ್ನೆಯೊಳಗೆ ಮಾಡಿನ ಪ್ರಶ್ನೆಯೂ ಅಡಗಿತ್ತು. 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ಹಕ್ಕು ಸಿಕ್ಕಿದ ಮೇಲೆಯೇ ಸಣ್ಣ ಹಿಡುವಳಿದಾರರ ಎಷ್ಟೋ ಮನೆಗಳು ಸೋಗೆ ಕಳಚಿ ಹೆಂಚು ಹೊದೆದವು.

ಇಲ್ಲಿಯೇ ಇಂದಿನ ಸಂಕಟದ ಬೇರಿದೆಯೆಂದು ನಮಗೆ ತೋರುತ್ತದೆ. ಆ ಒಂದೇ ಕಾಲಾವಧಿಯಲ್ಲಿ ಎದ್ದ ಮಾಡುಗಳಿಗೆ ಈಗ ನಲವತ್ತು, ಐವತ್ತು ವರ್ಷ. ಎಲ್ಲದರ ಮರವೂ ಒಂದೇ ಸಮಯಕ್ಕೆ ಕೊಳೆಯುತ್ತಿದೆ. ಹಾಕಿಸಿದ ತಲೆಮಾರು ಮುಗಿದಿದೆ. ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಮನೆಯಲ್ಲಿ. ಮಾಡು ಹತ್ತಬಲ್ಲ ಕೈಗಳೇ ಕಡಿಮೆ.

ಇದೇ ಸಮಯಕ್ಕೆ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಮಣ್ಣು ದೊರೆಯುವುದಿಲ್ಲ, ಉರುವಲು ದುಬಾರಿ, ಊರೆಲ್ಲ ಕಾಂಕ್ರೀಟಿನ ಕಡೆ ತಿರುಗಿದೆ. ಇದರಿಂದ ಒಂದು ವಿಚಿತ್ರ ತೊಂದರೆ ಹುಟ್ಟಿದೆ. ಒಂದು ಕಾರ್ಖಾನೆಯ ಹೆಂಚಿನ ಹಲ್ಲು ಇನ್ನೊಂದರ ಹೆಂಚಿಗೆ ಸರಿಯಾಗಿ ಕಚ್ಚುವುದಿಲ್ಲ. ಒಡೆದದ್ದು ಇನ್ನೂರೇ ಆದರೂ, ಅದೇ ಅಚ್ಚಿನ ಹೆಂಚು ಸಿಗದಿದ್ದರೆ ಒಂದು ಪಕ್ಕದ ಮಾಡನ್ನೇ ಬದಲಿಸಬೇಕಾಗುತ್ತದೆ. ಹಳೆಯ ಮನೆ ಕೆಡವಿದವರ ಹೆಂಚು ಹುಡುಕಿ ಕೊಳ್ಳೋಣವೆಂದರೆ ಆ ಮಾಲಿಗೂ ಈಗ ಪೈಪೋಟಿ. ರೆಸಾರ್ಟು ಕಟ್ಟುವವರಿಗೆ ಪಾಚಿ ಹಿಡಿದ ಹೆಂಚೇ ಅಂದವಂತೆ! ಇಷ್ಟು ಸಾಲದೆಂಬಂತೆ, ಶೇಕಡ 5 ಇದ್ದ ಹೆಂಚಿನ ತೆರಿಗೆಯನ್ನು 2022ರ ಏಪ್ರಿಲಿನಿಂದ ಶೇಕಡ 12ಕ್ಕೆ, ಹುಟ್ಟುವಳಿಯ ಕಚ್ಚಾ ಮಾಲಿನ ತೆರಿಗೆಯನ್ನು ವಜಾ ಕೇಳದ ತಯಾರಕರಿಗೆ ಶೇಕಡ 6ಕ್ಕೆ ಏರಿಸಲಾಯಿತು. ಸಿಮೆಂಟಿನ ಮೇಲಿನ ಶೇಕಡ 28ನ್ನು 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿಸಿದ್ದನ್ನು ದೊಡ್ಡ ಉಪಕಾರವೆಂದು ಸಾರಿದ ಸರ್ಕಾರಕ್ಕೆ ಮಣ್ಣಿನ ಹೆಂಚು ನೆನಪಾಗಲಿಲ್ಲ.

ಹಾಗಾದರೆ ಶೀಟು ಹಾಕಬಹುದಲ್ಲ, ಎನ್ನುತ್ತಾರೆ. ಹಾಕುತ್ತಿದ್ದಾರೆ. ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಬಣ್ಣದ ತಗಡು: ಎರಡೇ ದಿನದ ಕೆಲಸ, ಒರಲೆಯ ಕಾಟವಿಲ್ಲ, ಮಂಗನ ಕಾಟವಿಲ್ಲ. ಬೇಸಗೆಯಲ್ಲಿ ಒಳಗೆ ಕೂರುವಂತಿಲ್ಲ, ಆಷಾಢದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಗ್ಗದ ತೆಳು ತಗಡಾದರೆ ಮೊಳೆಯ ತೂತಿನಿಂದಲೇ ತುಕ್ಕು ಶುರು. ಇನ್ನೂ ಅಗ್ಗದ್ದು ಬೇಕೆಂದವರು ಆಸ್‌ಬೆಸ್ಟಾಸ್ ಶೀಟಿಗೆ ಕೈಹಾಕುತ್ತಾರೆ. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಯುರೋಪಿನ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿದೆ; ನಮ್ಮ ದೇಶ ಇಂದಿಗೂ ಹೊರಗಿನಿಂದ ತರಿಸಿ ಬಡವರ ತಲೆಯ ಮೇಲೆ ಹೊದಿಸುತ್ತಿದೆ. ಹಳೆಯ ಶೀಟನ್ನು ಒಡೆದು ತೆಗೆಯುವಾಗ ಕೂಲಿಯಾಳು ಮೂಗಿಗೆ ಟವಲು ಕಟ್ಟಿಕೊಳ್ಳುತ್ತಾನೆ; ಅವನಿಗಿರುವ ರಕ್ಷಣೆ ಅಷ್ಟೇ.

ಇನ್ನು ಸರ್ಕಾರದ ನೆರವಿನ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಹೊಸ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡು ರಾಜ್ಯಗಳಲ್ಲಿ 1,30,000. ಘಟ್ಟದ ನೆತ್ತಿಯ ಮೇಲಿರುವ ನಾವು ಗುಡ್ಡಗಾಡು ರಾಜ್ಯದವರಲ್ಲ! ಅದು ಹೋಗಲಿ. ಪಕ್ಕಾ ಛಾವಣಿ ಇಲ್ಲವೆ ಪಕ್ಕಾ ಗೋಡೆ ಇದ್ದರೆ, ಎರಡಕ್ಕಿಂತ ಹೆಚ್ಚು ಕೋಣೆಗಳಿದ್ದರೆ ಆ ಕುಟುಂಬವನ್ನು ಮೊದಲ ಜರಡಿಯಲ್ಲೇ ಪಟ್ಟಿಯಿಂದ ಬಿಡಲಾಗುತ್ತದೆ. ಕೈಯಲ್ಲಿ ತಟ್ಟಿದ ನಾಡಹೆಂಚು ಕಚ್ಚಾ, ಯಂತ್ರದಲ್ಲಿ ಒತ್ತಿದ ಮಂಗಳೂರು ಹೆಂಚು ಪಕ್ಕಾ. ಎಣಿಕೆಗೆ ಬಂದವರು ಅಂಗಳದಲ್ಲಿ ನಿಂತು ಹೆಂಚನ್ನು ನೋಡುತ್ತಾರೆ. ಒಳಗೆ ಬಂದು ಅಟ್ಟ ಹತ್ತಿ, ಆ ಹೆಂಚನ್ನು ಹೊತ್ತ ಮರದೊಳಗೆ ಬೆರಳು ಇಳಿಯುತ್ತದೆಯೇ ಎಂದು ನೋಡುವುದಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ಹೀಗೆ ಪಕ್ಕಾ ಎನಿಸಿಕೊಂಡ ಮನೆಯೊಂದರಲ್ಲಿ ನಾವು ಕುಳಿತು ಕಾಫಿ ಕುಡಿದೆವು. ತೊಲೆಗೆ ಎರಡು ಕಡೆ ಅಡಿಕೆಮರದ ಊರೆ ಕೊಟ್ಟಿದ್ದರು. ಮಕ್ಕಳ ಹಾಸಿಗೆಯನ್ನು ಆ ಕೋಣೆಯಿಂದ ತೆಗೆದು ಅಡಿಗೆಮನೆಗೆ ಹಾಕಿಯಾಗಿತ್ತು.

ಗಾಳಿಮಳೆಗೆ ಮಾಡು ಹಾರಿದರೆ ವಿಪತ್ತು ನಿಧಿಯಿಲ್ಲವೇ ಎಂದು ಕೇಳಬಹುದು. 2022–23ರಿಂದ 2025–26ರ ಅವಧಿಗೆ ಕೇಂದ್ರವು ಗೊತ್ತುಪಡಿಸಿದ ದರವನ್ನು ಓದುಗರು ತಾವೇ ನೋಡಲಿ: ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇಕಡ 15 ಇದ್ದರೆ ಮಾತ್ರ. ನಮ್ಮ ಲೆಕ್ಕದ ಮನೆಯ ಮೇಲೆ ಮರ ಬಿದ್ದು ಒಂದೂವರೆ ಸಾವಿರದಲ್ಲಿ ಇನ್ನೂರು ಹೆಂಚು ಪುಡಿಯಾದರೆ ಅದು ಮಾಡಿನ ಶೇಕಡ 13. ಇಡೀ ಮನೆಯ ಲೆಕ್ಕದಲ್ಲಿ ಇನ್ನೂ ಕಡಿಮೆ. ಆ ಕುಟುಂಬ ಟಾರ್ಪಾಲಿನ ಕೆಳಗೆ ಮಳೆಗಾಲ ಕಳೆಯುತ್ತದೆ, ಕಾಗದದಲ್ಲಿ ಹಾನಿಯೇ ಆಗಿಲ್ಲ. ಅದೇ ಮನೆ ಗೋಡೆಸಮೇತ ಮಲಗಿದರೆ ಲಕ್ಷದ ಮೇಲೆ ದೊರೆಯುತ್ತದೆ; 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಬಿದ್ದ ಮೇಲೆ ಲಕ್ಷ ಕೊಡುವ ಬೊಕ್ಕಸಕ್ಕೆ ಬೀಳದಂತೆ ತಡೆಯಲು ಐವತ್ತು ಸಾವಿರ ಕೊಡುವ ಬುದ್ಧಿ ಇಲ್ಲ.

ಉಳಿದದ್ದು ಸಾಲ. ಬ್ಯಾಂಕಿಗೆ ಹೋದರೆ ಮನೆಯಡಿಯ ನೆಲದ ಪತ್ರ ಕೇಳುತ್ತಾರೆ. ಬಗರ್‌ಹುಕುಂ ನೆಲದಲ್ಲಿ ಮನೆ ಕಟ್ಟಿಕೊಂಡವರು 94ಸಿ ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ; ಚೀಟಿ ಪತ್ರವಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆಮಠ ಬಿಟ್ಟುಕೊಟ್ಟು ಬಂದ ಶರಾವತಿಯ ಸಂತ್ರಸ್ತರಲ್ಲಿ ಅನೇಕರ ಹಕ್ಕುಪತ್ರದ ತಕರಾರು ಅರವತ್ತು ವರ್ಷ ದಾಟಿಯೂ ತೀರಿಲ್ಲ. ನಾಡಿಗೆ ದೀಪ ಕೊಟ್ಟವರಿಗೆ ಮಾಡಿನ ಸಾಲವಿಲ್ಲ. ಹೀಗಾಗಿ ಹೆಂಗಸರು ಗುಂಪಿನ ಸಾಲಕ್ಕೆ, ಮೈಕ್ರೋ ಫೈನಾನ್ಸಿಗೆ ಹೋಗುತ್ತಾರೆ. ಮಾಡು ಮೂವತ್ತು ವರ್ಷದ ವಸ್ತು, ಕಂತು ವಾರದ್ದು. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಿರುಕುಳಕ್ಕೆ ಶಿಕ್ಷೆ ಬಂತು, ಒಳ್ಳೆಯದು. ಆ ಸಾಲಕ್ಕೆ ಬದಲು ಬೇರೊಂದು ಸಾಲ ಬರಲಿಲ್ಲ.

ನಮ್ಮ ಬೇಡಿಕೆಗಳು ಆಕಾಶದವಲ್ಲ. ಹಿಡುವಳಿ ಮರವನ್ನು ಸ್ವಂತ ಮನೆಯ ಮಾಡಿಗೆ ಬಳಸುವವರ ಅರ್ಜಿಯನ್ನು ಮಾಘಮಾಸದಲ್ಲಿ ತೆಗೆದುಕೊಂಡು ಒಂದು ತಿಂಗಳೊಳಗೆ ಇತ್ಯರ್ಥ ಮಾಡಲಿ. ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜಿಗೆ ಮುಂಚೆ ಪಕಾಸು, ರೀಪಿಗೆ ಆಗುವ ಮರದಲ್ಲಿ ಒಂದು ಪಾಲನ್ನು ಸಣ್ಣ ಹಿಡುವಳಿದಾರರಿಗೂ ಭೂಹೀನರಿಗೂ ನಿಗದಿತ ಬೆಲೆಗೆ ಕೊಡಲಿ. ವಸತಿ ಯೋಜನೆಯಲ್ಲಿ ಹೊಸ ಮನೆಯಷ್ಟೇ ಅಲ್ಲ, ಮಾಡು ಬದಲಿಸಲೂ ಹಣವಿರಲಿ. ವಿಪತ್ತಿನ ಹಾನಿಯನ್ನು ಮಾಡಿನ ಲೆಕ್ಕದಲ್ಲೇ ಅಳೆಯಲಿ. ಹೆಂಚಿನ ತೆರಿಗೆ ಹೋಗಲಿ. ಸಹಕಾರ ಸಂಘಗಳು ಗೊಬ್ಬರಕ್ಕೆ ಸಾಲ ಕೊಡುವಂತೆ ಮಾಡಿಗೂ ವರ್ಷಕ್ಕೊಂದು ಕಂತಿನ ಸಾಲ ಕೊಡಲಿ. ಹಳ್ಳಿಗಳಲ್ಲಿರುವ ನಮ್ಮ ಸಂಗಾತಿಗಳಿಗೂ ಒಂದು ಮಾತು. ಸಾಮಾನಿಗೆ ದುಡ್ಡು ಬೇಕು, ಹೌದು. ಹೆಂಚು ಇಳಿಸಿ ಏರಿಸಲು ಮುಯ್ಯಾಳು ಇಂದಿಗೂ ಸಾಕು. ಅದನ್ನು ಮರೆತದ್ದು ಸರ್ಕಾರದ ತಪ್ಪಲ್ಲ.

ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಗಳಲ್ಲಿ ಈ ಪ್ರಶ್ನೆಯನ್ನು ಎತ್ತಬೇಕು. ತಮ್ಮ ಊರಿನಲ್ಲಿ ಪಕ್ಕಾ ಎಂದು ಬರೆದುಕೊಂಡು ಹೋದ ಮನೆಗಳಲ್ಲಿ ಎಷ್ಟಕ್ಕೆ ಊರೆ ಕೊಟ್ಟಿದೆ ಎಂಬುದನ್ನು ಓದುಗರು ಎಣಿಸಿ ಬರೆದು ಕಳಿಸಿದರೆ, ಹಳ್ಳಿಯ ಹೆಸರಿನೊಡನೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಆ ಪಟ್ಟಿಯ ಒಂದು ಪ್ರತಿಯನ್ನು ತಹಸೀಲ್ದಾರರಿಗೂ ತಲುಪಿಸುತ್ತೇವೆ.