ಯಾರ ಬಾಲ್ಯ, ಯಾರ ಊರು?

"ಆ ಕಾಲದ ಡರ್ಬಾನು ಎಷ್ಟು ಚೆನ್ನಾಗಿತ್ತು!" ಎಂದು ನಿಟ್ಟುಸಿರು ಬಿಡುವವರ ಒಂದು ಮೇಳವೇ ಇದೆ. ದಕ್ಷಿಣ ಆಫ್ರಿಕದ ಆ ಬಂದರು ಪಟ್ಟಣದಲ್ಲಿ ವರ್ಣಭೇದದ ದಿನಗಳಲ್ಲಿ ಬೆಳೆದ ಬಿಳಿಯರು ಇವರು. ವಯಸ್ಸಾದ ಮೇಲೆ ಬಾಲ್ಯ ನೆನಪಾಗುವುದು ಸಹಜ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ನೆನಪಿನ ಗಂಟನ್ನು ಸ್ವಲ್ಪ ಬಿಚ್ಚಿ ನೋಡೋಣ. ಕಸವಿಲ್ಲದ ಬೀದಿ. ಸದ್ದಿಲ್ಲದೆ ಓಡುವ ಟ್ರಾಲಿ ಬಸ್ಸು. ಕೊಂಬಿನ ಕಿರೀಟ ತೊಟ್ಟು ರಿಕ್ಷಾ ಎಳೆಯುವ ಜುಲು ಆಳು. ಬೆಳಗಾದರೆ ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಿದ್ದ 'ಸ್ಯಾಮಿ'.

ಈ ಸ್ಯಾಮಿ ಯಾರು? ನಮ್ಮವನೇ. 1860ರಲ್ಲಿ ಮದರಾಸಿನಿಂದ ಹೊರಟ 'ಟ್ರೂರೋ' ಹಡಗು ಮೊದಲ ಕರಾರು ಕೂಲಿಗಳನ್ನು ಡರ್ಬಾನಿನಲ್ಲಿ ಇಳಿಸಿತು. 1911ರವರೆಗೆ ಹೀಗೆ ಸಾಗಿಸಿದವರು ಒಂದೂವರೆ ಲಕ್ಷಕ್ಕೂ ಮಿಕ್ಕಿ. ಕಬ್ಬಿನ ತೋಟದ ಕರಾರು ಮುಗಿದ ಮೇಲೆ ಅನೇಕರು ತುಂಡು ನೆಲದಲ್ಲಿ ತರಕಾರಿ ಬೆಳೆದು ಮನೆಮನೆಗೆ ಹೊತ್ತು ಮಾರಿದರು. ಮುನಿಸ್ವಾಮಿ, ರಾಮಸ್ವಾಮಿ ಎಂದು ತಾಯಿತಂದೆ ಇಟ್ಟ ಹೆಸರನ್ನು ತುಂಡರಿಸಿ ಧಣಿಗಳು ಎಲ್ಲರನ್ನೂ 'ಸ್ಯಾಮಿ' ಎಂದರು, ಹೆಂಗಸಾದರೆ 'ಮೇರಿ'. ಹೆಸರು ಕೇಳುವಷ್ಟು ವ್ಯವಧಾನವೂ ಇರದವರು ಇಂದು ಅವನನ್ನು ಅಕ್ಕರೆಯಿಂದ ನೆನೆಯುತ್ತಾರಂತೆ!

ಬೀದಿ ಚೊಕ್ಕಟವಾಗಿದ್ದುದು ನಿಜ. ಗುಡಿಸಿದವರು ಎಲ್ಲಿ ಮಲಗುತ್ತಿದ್ದರು? ಕರಿಯ ಕೂಲಿಯವನಿಗೆ ಹಾಸ್ಟೆಲಿನ ಹಲಗೆ. ಹೆಂಡತಿ ಮಕ್ಕಳು ದೂರದ ಹಳ್ಳಿಯಲ್ಲಿ. ಬಿಳಿಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದ ಆಯಾಗೆ ಹಿತ್ತಿಲಿನ ಕೋಣೆ; ಅವಳ ಸ್ವಂತ ಮಕ್ಕಳಿಗೆ ಅಲ್ಲಿರಲು ಹಕ್ಕಿಲ್ಲ. ಈ ಏರ್ಪಾಡಿನ ಖರ್ಚಿಗೆ ಪುರಸಭೆ ಒಂದು ಜಾಣ ಉಪಾಯ ಹೂಡಿತ್ತು. 1908ರ ಕಾಯಿದೆಯ ಬಲದಿಂದ ಜೋಳದ ಬಿಯರ್ ಕಾಯಿಸಿ ಮಾರುವ ಏಕಸ್ವಾಮ್ಯವನ್ನು ತಾನೇ ವಹಿಸಿಕೊಂಡು, ಕರಿಯರು ಕುಡಿದ ಕಾಸಿನಿಂದಲೇ ಕರಿಯರನ್ನು ಹದ್ದುಬಸ್ತಿನಲ್ಲಿಡುವ ಆಡಳಿತವನ್ನು ನಡೆಸಿತು. ಮನೆಯಲ್ಲಿ ಕಾಯಿಸಿದ ಹೆಂಗಸು ಅಪರಾಧಿ. 1959ರಲ್ಲಿ ಕೇಟೋ ಮ್ಯಾನರಿನ ಹೆಂಗಸರು ಪುರಸಭೆಯ ಬಿಯರ್ ಹಾಲಿಗೆ ನುಗ್ಗಿದ್ದು ಸುಮ್ಮನೆ ಅಲ್ಲ.

ಡರ್ಬಾನಿನಲ್ಲಿ ಇನ್ನೊಂದು ಬಗೆಯ ನೆನಪೂ ಇದೆ; ಅದನ್ನು ಕೇಳುವವರು ಕಡಮೆ. ಗ್ರೇ ಬೀದಿಯ ಭಾರತೀಯ ಅಂಗಡಿಗಳ ಸಾಲು, ಜುಮ್ಮಾ ಮಸೀದಿ, ಹಿಂದಿ ಚಿತ್ರದ ಥಿಯೇಟರು, ಕರೀಸ್ ಫೌಂಟನ್ ಮೈದಾನದ ಫುಟ್ಬಾಲು, ಅಂಗಡಿಯ ಮೇಲಣ ಎರಡು ಕೋಣೆಯಲ್ಲಿ ಹತ್ತು ಜನರ ಸಂಸಾರ. ಕೇಟೋ ಮ್ಯಾನರಿನಲ್ಲಿ ಭಾರತೀಯರ ತೋಟ, ಗುಡಿ. ಅದರ ಮಗ್ಗುಲಲ್ಲೇ ಆಫ್ರಿಕನ್ನರ ತಗಡಿನ ಗುಡಿಸಲು. 1950ರ ಗ್ರೂಪ್ ಏರಿಯಾಸ್ ಕಾಯಿದೆ ಊರನ್ನು ಬಣ್ಣದ ಲೆಕ್ಕದಲ್ಲಿ ಹಂಚಿತು. ಕೇಟೋ ಮ್ಯಾನರ್ ಬಿಳಿಯರ ಪಾಲಾಯಿತು. ಆಫ್ರಿಕನ್ನರನ್ನು ಕ್ವಾಮಾಷುವಿಗೆ, ಭಾರತೀಯರನ್ನು ಚಾಟ್ಸ್‌ವರ್ತಿಗೆ ಅಟ್ಟಿದರು. ಕಿತ್ತುಕೊಂಡ ನೆಲದ ಬಹುಭಾಗ ದಶಕಗಟ್ಟಲೆ ಪಾಳು ಬಿತ್ತು, ನಡುನಡುವೆ ಗುಡಿಗಳು ಮಾತ್ರ ನಿಂತಿದ್ದವು. ಮನೆ ಕಳೆದುಕೊಂಡವನ ನೆನಪೂ, ಆ ಮನೆ ಕೆಡವಿದ ಸರಕಾರಕ್ಕೆ ಓಟು ಹಾಕಿದವನ ನೆನಪೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಹಾಗೆಂದು ಬಡವರ ಬೀದಿಯನ್ನು ನಾವು ಸ್ವರ್ಗವೆಂದು ಬಣ್ಣಿಸುವುದಿಲ್ಲ. 1949ರ ಜನವರಿಯಲ್ಲಿ ಭಾರತೀಯ ವರ್ತಕನಿಗೂ ಆಫ್ರಿಕನ್ ಹುಡುಗನಿಗೂ ನಡೆದ ಒಂದು ಜಗಳದಿಂದ ಊರಿಗೆ ಬೆಂಕಿ ಬಿತ್ತು. ಸತ್ತವರು 142 ಮಂದಿ: ಆಫ್ರಿಕನ್ನರು 87, ಭಾರತೀಯರು 50. ಬಿಳಿಯ ಒಬ್ಬನೇ. ಅಂಗಡಿಯ ಅಣ್ಣಂದಿರೇ, ಈ ಲೆಕ್ಕವನ್ನು ನಿಧಾನವಾಗಿ ಓದಿ. ಬಸ್ಸಿನ ಚಾರ್ಜು, ಗುಡಿಸಲಿನ ಬಾಡಿಗೆ, ಅಂಗಡಿಯ ಸಾಲ ಇವುಗಳಲ್ಲಿ ಆಫ್ರಿಕನ್ನನ ಕಣ್ಣಿಗೆ ದಿನವೂ ಬೀಳುತ್ತಿದ್ದವನು ಭಾರತೀಯ. ಕಾನೂನು ಬರೆದ ಬಿಳಿಯ ಬೆಟ್ಟದ ಮೇಲಿನ ಬಂಗಲೆಯಲ್ಲಿದ್ದ. ಭಾರತೀಯ ವರ್ತಕರಲ್ಲಿ ಕರಿಯರನ್ನು ಕೀಳಾಗಿ ಕಂಡವರು ಇರಲಿಲ್ಲವೇ? ಇದ್ದರು. ಊರ ಹೊರಗೆ ಕೇರಿ ಇಟ್ಟ ದೇಶದಿಂದ ಹೋದವರು ತಾನೇ!

ಒಡೆದ ಊರನ್ನು ಕೂಡಿಸಿದ್ದು ನೆನಪಿನ ಪುಸ್ತಕವಲ್ಲ, ಮುಷ್ಕರ. 1973ರ ಜನವರಿ 9ರಂದು ಕಾರೊನೇಷನ್ ಇಟ್ಟಿಗೆ ಕಾರ್ಖಾನೆಯ ಆಫ್ರಿಕನ್ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಪ್ರತಿನಿಧಿಗಳನ್ನು ಆರಿಸಿ ಕಳಿಸಿರೆಂದು ಮಾಲೀಕರು ಕೇಳಿದರೆ, ಮುಂದಾಳುಗಳನ್ನು ಹೆಕ್ಕಿ ಹೊರಹಾಕುವ ಹೂಟವೆಂದು ಅರಿತು ಆರಿಸಲು ಒಪ್ಪಲಿಲ್ಲ. ಫ್ರೇಮ್ ಕಂಪನಿಯ ಬಟ್ಟೆ ಗಿರಣಿಗಳಿಗೂ ಅದು ಹಬ್ಬಿತು. ಅಲ್ಲಿ ಆಫ್ರಿಕನ್, ಭಾರತೀಯ ಕಾರ್ಮಿಕರು ಒಟ್ಟಿಗೆ ಮಗ್ಗ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ಸುಮಾರು ಒಂದು ಲಕ್ಷ ಜನ ಬೀದಿಯಲ್ಲಿ. ಆಫ್ರಿಕನ್ನರ ಯೂನಿಯನ್ನಿಗೆ ಕಾನೂನಿನ ಮನ್ನಣೆಯೇ ಇಲ್ಲದ ಕಾಲ ಅದು. ಹಳೆಯ ಡರ್ಬಾನಿಗಾಗಿ ಕೊರಗುವವರ ನೆನಪಿನ ಗಂಟಿನಲ್ಲಿ ಈ ಜನವರಿ ಏಕೆ ಇರುವುದಿಲ್ಲವೋ!

ಗ್ರೂಪ್ ಏರಿಯಾಸ್ ಕಾಯಿದೆ 1991ರಲ್ಲಿ ರದ್ದಾಯಿತು. ಊರು ಬದಲಾಯಿತು, ಗ್ರೇ ಬೀದಿಗೆ ಯೂಸುಫ್ ದಾದೂ ಅವರ ಹೆಸರು ಬಂತು. ಆದರೆ 2009ರಲ್ಲಿ, ಫುಟ್ಬಾಲ್ ವಿಶ್ವಕಪ್ಪಿನ ಹೊಸ್ತಿಲಲ್ಲಿ, ಈಗಿನ ಪ್ರಜಾಪ್ರಭುತ್ವದ ನಗರಸಭೆಯೇ ವಾರ್ವಿಕ್‌ನ ಬೆಳಗಿನ ಮಾರುಕಟ್ಟೆಯನ್ನು ಕೆಡವಿ ಮಾಲ್ ಕಟ್ಟಲು ಹೊರಟಿತು. ಸ್ಯಾಮಿಯ ಮೊಮ್ಮಕ್ಕಳೂ ಕ್ವಾಮಾಷುವಿನ ಹೆಂಗಸರೂ ಪಕ್ಕಪಕ್ಕದಲ್ಲಿ ತರಕಾರಿ ಮಾರುವ ಜಾಗ ಅದು. ಪೊಲೀಸರ ಏಟು ತಿಂದರೂ ಅವರು ಕದಲಲಿಲ್ಲ. ಮಾಲ್ ಬರಲಿಲ್ಲ. ಮಾರುಕಟ್ಟೆ ಉಳಿಯಿತು.