ಕೌದಿಯನ್ನು ಅಟ್ಟಕ್ಕೆ ಹಾಕಬೇಡಿ

ಹೊಸದಾಗಿ ಮನೆ ಹೂಡಿದವರಿಗೆ ಉಪದೇಶ ಮಾಡುವ ಜನಕ್ಕೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ನಾವು ಧಾರವಾಡದಿಂದ ಬಂದು ಬನಶಂಕರಿಯ ಬಾಡಿಗೆ ಮನೆಯೊಂದರಲ್ಲಿ ಸಾಮಾನು ಇಳಿಸಿ ಹದಿನೈದು ದಿನವೂ ಕಳೆದಿರಲಿಲ್ಲ; ಸ್ನೇಹಿತರೊಬ್ಬರು ಗೃಹಾಲಂಕಾರದ ಕಸಬಿನ ಯುವಕನೊಬ್ಬನನ್ನು ಕರೆತಂದರು. ಆತ ಗೋಡೆಗಳನ್ನು ಅಳೆದ, ಪರದೆಗಳ ಬಣ್ಣ ಸೂಚಿಸಿದ, ಕೊನೆಗೆ ನನ್ನ ತಾಯಿಯ ಮಂಚದ ಮೇಲಿದ್ದ ಕೌದಿಯತ್ತ ಬೊಟ್ಟುಮಾಡಿ, "ಸಾರ್, ಮೊದಲು ಇದನ್ನು ಅಟ್ಟಕ್ಕೆ ಹಾಕಿಬಿಡಿ. ಇದು ಇಲ್ಲಿರುವ ತನಕ ರೂಮಿಗೆ ಏನು ಮಾಡಿದರೂ ಕಳೆ ಬರುವುದಿಲ್ಲ" ಎಂದ. ಸ್ನೇಹಿತರು ತಲೆದೂಗಿದರು. ನಾಚಿಕೆಯ ಮಾತು, ನಾನೂ ತಲೆದೂಗಿದೆ. ತಾಯಿ ಏನೂ ಆಡಲಿಲ್ಲ. ಆ ಕೌದಿಯ ಒಳಪದರ ನನ್ನ ತಂದೆಯವರ ಧೋತರ. ಅವರು ತೀರಿಕೊಂಡ ಮರುವರ್ಷ ಆಕೆ ಅದನ್ನು ಹೊಲಿದಿದ್ದರು.

ಆ ಯುವಕನನ್ನು ನಾನು ದೂರುವುದಿಲ್ಲ, ಕಲಿತದ್ದನ್ನು ಹೇಳಿದ. ದೂರಬೇಕಾದದ್ದು ತಲೆದೂಗಿದ ನಮ್ಮಂಥ ಓದುಬರಹ ಬಲ್ಲವರನ್ನು. ಎರಡು ತಿಂಗಳ ಮೇಲೆ ಅದೇ ಸ್ನೇಹಿತರ ಮನೆಗೆ ಹೋಗುತ್ತೇನೆ, ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಕೌದಿಯೊಂದು ರಾರಾಜಿಸುತ್ತಿದೆ! ಯಾವುದೋ ಕರಕುಶಲ ಪ್ರದರ್ಶನದಲ್ಲಿ ಕೊಂಡದ್ದಂತೆ. ಬೆಲೆಯನ್ನು ಕೇಳುವ ಮೊದಲೇ ಹೇಳಿದರು. ಹೊಲಿದವರು ಯಾರೆಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಗುರುತಿರುವ ಕೈಯ ಕೌದಿ ಅಟ್ಟಕ್ಕೆ, ಗುರುತಿಲ್ಲದ ಕೈಯ ಕೌದಿ ಗೋಡೆಗೆ! ಇದು ಯಾವ ಸೀಮೆಯ ಅಭಿರುಚಿ, ಸ್ವಾಮಿ?

ಕೌದಿಯನ್ನು ನೋಡದವರಿಗಾಗಿ ಎರಡು ಮಾತು. ಉಟ್ಟು ಹಳತಾದ ಸೀರೆ ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಹಿಡಿದು ಸಾಲುಸಾಲಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ನೂರು ಸಲ ಒಗೆದ ಹತ್ತಿಬಟ್ಟೆಯ ಮೆತ್ತನೆ ಯಾವ ಅಂಗಡಿಯ ಹೊಸ ಬಟ್ಟೆಗೂ ಬಾರದು. ಪದರಗಳ ನಡುವೆ ನಿಂತ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ. ಅಜ್ಜಿಯ ಸೀರೆ, ಮಗನ ಅಂಗಿ, ಸೊಸೆಯ ಕುಪ್ಪಸ ಎಲ್ಲವೂ ಅದರಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಊರು ಬಿಟ್ಟು ಬಂದವರಿಗೆ ಮಡಿಸಿ ಹೊತ್ತು ತರಬಹುದಾದ ಮನೆ ಎಂದರೆ ಇದೇ.

"ಬಡತನಕ್ಕೆ ಬಣ್ಣ ಬಳಿಯುತ್ತೀರಿ. ಕಂಬಳಿ ಕೊಳ್ಳಲಾರದವರು ಕೌದಿ ಹೊಲಿದರು, ಅಷ್ಟೆ" ಎಂದು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮಿತ್ರರು ವಾದಿಸುತ್ತಾರೆ. ಅರ್ಧ ಒಪ್ಪಿದೆ. ಆದರೆ ಉಳಿದ ಅರ್ಧಕ್ಕೆ ಅವರು ಉತ್ತರ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಬಹುಮಟ್ಟಿಗೆ ಗುಲಾಮರಾಗಿ ಬಂದವರ, ಸಂತತಿ. ಅವರ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಸಿ ಮಾಡಿದ ತ್ರಿಕೋನದ ಹೂವುಗಳಿರುತ್ತವೆ. ಅದಕ್ಕೆ ಫುಲ ಎಂದು ಹೆಸರು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಆ ಹೂವಿನಿಂದ ಚಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಮತ್ತೇಕೆ ಇಡುತ್ತಾರೆ? ಇಲ್ಲದವರಿಗೂ ಚೆಲುವು ಬೇಕು, ಅದಕ್ಕೆ. ಅಮೆರಿಕದ ಅಲಬಾಮದಲ್ಲಿ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಗೆಯ್ಮೆಯ ಹರಕು ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಪ್ರದರ್ಶಿಸಿತು. ಬಡತನ ಕೊಟ್ಟದ್ದು ಬಟ್ಟೆಯನ್ನು ಮಾತ್ರ. ಕೂಡಿಸಿದ್ದು ಕೈ ಮತ್ತು ಕಣ್ಣು.

ಇನ್ನು ಕೆಲವರದು ಬೇರೆ ರಾಗ. ನನ್ನ ಹೆಂಡತಿ ಈ ಊರಿಗೆ ಬಂದ ಮೇಲೆ ಸಣ್ಣದೊಂದು ಓವನ್ ತರಿಸಿ ಕೇಕು, ಬ್ರೆಡ್ಡು ಮಾಡಲು ಕಲಿತಳು. ಮೊದಲ ಎರಡು ಬ್ರೆಡ್ಡುಗಳಿಂದ ತೆಂಗಿನಕಾಯಿ ಒಡೆಯಬಹುದಿತ್ತು. ಮೂರನೆಯದನ್ನು ಪಕ್ಕದ ಮನೆಗೆ ಕೊಟ್ಟಳು. ಆ ತಟ್ಟೆ ಚಕ್ಕುಲಿ ತುಂಬಿಕೊಂಡು ಮರಳಿತು. ಒಂದು ಬೀದಿಯಲ್ಲಿ ನೆಲೆಯಾಗುವುದೆಂದರೆ ಹೀಗೆ ತಟ್ಟೆಗಳು ಓಡಾಡುವುದು. "ಕೌದಿ ನಮ್ಮದು, ಸರಿ, ಈ ಕೇಕಿನ ಹುಚ್ಚು ಪರದೇಶದ ಅನುಕರಣೆಯಲ್ಲವೆ?" ಎಂದು ಮೂಗು ಮುರಿಯುವವರು ತಮ್ಮ ಬೀದಿಯ ತಿರುವಿನ ಅಯ್ಯಂಗಾರ್ ಬೇಕರಿಯನ್ನು ಮರೆತಿದ್ದಾರೆ. ಹಾಸನದ ಸೀಮೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಆ ಪರಂಪರೆ, ದೊರೆಗಳ ಒಲೆಯನ್ನು ಮೊಟ್ಟೆಯಿಲ್ಲದೆ ಉರಿಸಿ, ಹಸಿಮೆಣಸಿನಕಾಯಿ ಕೊತ್ತಂಬರಿ ಬೆರೆಸಿ ಖಾರದ ಬನ್ನನ್ನು ನಮ್ಮದಾಗಿಸಿತು. ಅವರೂ ಹಳ್ಳಿ ಬಿಟ್ಟು ಈ ಊರಲ್ಲಿ ಮನೆ ಹೂಡಿದವರೇ. ನಮ್ಮದು, ಪರರದು ಎಂಬುದನ್ನು ನಾಲ್ಕು ಕಾಲ ನಾದಿದ ಕೈ ತೀರ್ಮಾನಿಸುತ್ತದೆ.

1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ಜಯನಗರವೂ ಹೀಗೆಯೇ ನೆಲೆಗೊಂಡದ್ದು. ಸೈಟು ಹಿಡಿದು, ಸಾಲ ಮಾಡಿ ಕಟ್ಟಿದ ಗುಮಾಸ್ತರು ಮೇಷ್ಟ್ರುಗಳು ಗೃಹಪ್ರವೇಶದ ದಿನವೇ ಮನೆಯನ್ನು ಮುಗಿಸಲಿಲ್ಲ. ಈ ವರ್ಷ ಕಾಂಪೌಂಡು, ಮುಂದಿನ ವರ್ಷ ತೆಂಗಿನ ಸಸಿ, ಮಗಳ ಮದುವೆಗೆ ಸುಣ್ಣಬಣ್ಣ. ಈಗ ಆ ಮನೆಗಳು ಒಂದೊಂದಾಗಿ ಉರುಳಿ ಫ್ಲಾಟುಗಳು ಏಳುತ್ತಿವೆ; ನಲವತ್ತೈದು ದಿನಗಳಲ್ಲಿ ಪರದೆಯಿಂದ ಪಾಪಾಸುಕಳ್ಳಿಯವರೆಗೆ ಸಿದ್ಧಪಡಿಸಿ ಬೀಗದ ಕೈ ಕೊಡುತ್ತೇವೆಂಬ ಜಾಹೀರಾತುಗಳೂ ಬರುತ್ತಿವೆ. ಅಂಥ ಮನೆಯಲ್ಲಿ ಇರುವವರು ಅತಿಥಿಗಳು. ಇತ್ತ ಬಾಡಿಗೆದಾರನ ಪಾಡೇನು? ನಮ್ಮ ಕರಾರುಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದೆಂದು ಬರೆದಿದೆ. ಮೊಳೆಯ ಹಕ್ಕಿಲ್ಲದವನಿಗೆ ಉಳಿದಿರುವುದು ಸೂಜಿ, ಒಲೆ, ಹೊಸ್ತಿಲ ರಂಗೋಲಿ. ಅದನ್ನೂ ಹೊತ್ತುಕಳೆಯುವ ಆಟವೆಂದು ನಗುತ್ತೀರಾ?

ಆದರೆ ಹೊಗಳಿಕೆಯೊಂದೇ ಸಾಲದು. ಕೌದಿಯನ್ನು ಹೊಗಳುವ ನಾವು ಗಂಡಸರು ಸೂಜಿಗೆ ದಾರ ಪೋಣಿಸಿದ್ದುಂಟೆ? ಕೈಕೆಲಸದ ಘನತೆಯನ್ನು ಪಾಠ ಹೇಳಿ, ಅದರ ಬೆನ್ನುನೋವನ್ನು ಮಾತ್ರ ಹೆಂಗಸರಿಗೆ ಬಿಡುವುದು ಜಾಣತನವಲ್ಲ, ಕಳ್ಳತನ. ಕೊಳ್ಳುವುದಾದರೆ ಹೊಲಿದವಳ ಹೆಸರು ಕೇಳಿ ಕೊಳ್ಳಿ. ಬೆಲೆಯಲ್ಲಿ ಅವಳ ಕೈ ಸೇರುವುದೆಷ್ಟೆಂದೂ ಕೇಳಿ.

ಕೌದಿಯನ್ನು ನಾನೇ ಅಟ್ಟದಿಂದ ಇಳಿಸಿದೆ. ಒಂದು ಅಂಚು ಬಿಚ್ಚಿತ್ತು. ಮಗನಿಗೆ ಚಿಕ್ಕದಾದ ಶಾಲೆಯ ಅಂಗಿಯ ತುಂಡನ್ನು ಅಲ್ಲಿಗಿಟ್ಟು ಹೊಲಿಯಲು ಕೂತೆ. ಹೊಲಿಗೆ ಹಾವಿನಂತೆ ಹರಿಯಿತು. ತಾಯಿ ಕನ್ನಡಕ ಏರಿಸಿ ನೋಡಿ, "ಇರ್ಲಿ ಬಿಡೋ ತಮ್ಮಾ, ಬಿಚ್ಚಬ್ಯಾಡ. ಇದು ನೀ ಹಾಕಿದ್ದು ಅಂತ ನಾಳೆ ನಿನ್ನ ಮಗಗ ಗೊತ್ತಾಗಬೇಕಲ್ಲ" ಎಂದರು. ಅಂದು ರಾತ್ರಿ ಅದನ್ನೇ ಹೊದ್ದು ಮಲಗಿದರು. ಈ ಊರಿಗೆ ಬಂದು ಆಗ ಐದು ತಿಂಗಳಾಗಿತ್ತು. ನಮ್ಮ ಗೃಹಪ್ರವೇಶ ಆದದ್ದು ಆ ದಿನ.